ಕಾರ್ಡಪ್ಪ ಎತ್ತಿಟ್ಟ ಆರುನೂರ ನಲವತ್ತು ಮಾತು

ಕಾರ್ಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಾರ್ಖಾನೆಯ ಬಿಡಿಭಾಗಗಳ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಕೂತು, ಯಾರೇ ಬಂದು ಬೇರಿಂಗ್ ಕೇಳಲಿ, ಬೆಲ್ಟ್ ಕೇಳಲಿ, ತಲೆ ಎತ್ತದೆ "ಕಾರ್ಡ್ ಎಲ್ಲಿ?" ಎಂದು ಕೇಳಿ ಕೇಳಿ ಸಂಪಾದಿಸಿದ ಹೆಸರು. ಅವನ ಸ್ಟೋರಿನಲ್ಲಿ ಪ್ರತಿ ಸಾಮಾನಿಗೂ ಒಂದು ಕಾರ್ಡು. ಯಾವ ಕಪಾಟು, ಯಾವ ಖಾನೆ, ಎಷ್ಟು ಉಳಿದಿದೆ, ಎಲ್ಲ ಅದರಲ್ಲಿ. ಕಾರ್ಡು ಕೈಯಲ್ಲಿದ್ದರೆ ಸಾಮಾನು ಕೈಯಲ್ಲಿದ್ದಂತೆ ಎಂದು ಅವನು ನಂಬಿದ್ದ. ಇಷ್ಟು ವರ್ಷದಲ್ಲಿ ಒಂದು ನಟ್ಟು ಕೂಡ ಕಳೆದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ, ಕೇಳಿದವರಿಗೂ, ಕೇಳದವರಿಗೂ.

ಇಂಥವನು ತನ್ನ ಹೆಂಡತಿಯ ಧ್ವನಿಯನ್ನು ಕಳೆದುಹಾಕಿದ.

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯ ತೋಳಿನ ಅಳತೆ ಹೇಳಿ, ಅವರ ಅತ್ತೆಯ ಸಮಾಚಾರ ವಿಚಾರಿಸಿ, ಒಳಗೆ ಕೂತ ಗಂಡನಿಗೆ ಒಲೆ ಆರಿಸಲು ಕೂಗಿ ಹೇಳಬಲ್ಲವಳು. ಆ ಮನೆಯಲ್ಲಿ ಮಾತು ಅವಳ ಖಾತೆ, ಮೌನ ಇವನ ಖಾತೆ ಎಂದು ಮದುವೆಯಾದ ವಾರದಲ್ಲೇ ತೀರ್ಮಾನವಾಗಿತ್ತು. ಇಪ್ಪತ್ತಾರು ವರ್ಷ ಇಬ್ಬರೂ ತಂತಮ್ಮ ಖಾತೆಯನ್ನು ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದರು.

ಹೋದ ವರ್ಷ ಅವಳ ಗಂಟಲು ಕಟ್ಟಿತು. ತಿಂಗಳಾದರೂ ಬಿಡಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಚಿತ್ರ ತೆಗೆಸಿ, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ಕೊನೆಗೆ ಕನ್ನಡಕ ತೆಗೆದಿಟ್ಟು ಹೇಳಿದರು: ಜೀವ ಉಳಿಯಬೇಕೆಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಪರೇಷನ್ನಿಗೆ ಐದು ವಾರ ಸಮಯವಿದೆ. ಹೊರಗೆ ಬಂದಮೇಲೆ ಅವಳು ಬೆಂಚಿನ ಮೇಲೆ ಕೂತು, "ಹಾಗಾದ್ರೆ ಅಕ್ಕನ ಹತ್ರ ಹೆಂಗ್ರೀ ಮಾತಾಡೋದು?" ಎಂದು ಕೇಳಿದಳು. ಅವಳು ಕೇಳಿದ್ದು ಅದೊಂದೇ.

ಅಕ್ಕ ಇರುವುದು ದೂರದ ಊರಿನಲ್ಲಿ. ಅವಳಿಗೆ ಕಣ್ಣು ಪೂರ್ತಿ ಹೋಗಿ ಆರು ವರ್ಷ, ಮಂಡಿ ಹೋಗಿ ಮೂರು ವರ್ಷ. ತಂಗಿ ಬರೆದು ಕಳಿಸಿದರೆ ಓದಲಾರಳು, ಸನ್ನೆ ಮಾಡಿದರೆ ನೋಡಲಾರಳು. ಸಂಜೆ ಆರು ಗಂಟೆಗೆ ಅವಳ ಫೋನು ಬರುತ್ತಿತ್ತು. ಅರ್ಧ ಗಂಟೆ ಅಕ್ಕತಂಗಿಯರು ಊರ ಉಸಾಬರಿಯೆಲ್ಲ ಮಾತಾಡುತ್ತಿದ್ದರು. ಅಕ್ಕನ ಪಾಲಿಗೆ ತಂಗಿ ಅಂದರೆ ಆ ಧ್ವನಿ, ಅಷ್ಟೇ.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರಿದ್ದರು. ಅವರು ದಾರಿ ತೋರಿಸಿದರು. ಆಪರೇಷನ್ನಿಗೆ ಮುಂಚೆ ಒಂದೊಂದೇ ವಾಕ್ಯ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟರೆ, ಅದರಿಂದ ಅವಳದೇ ಧ್ವನಿಯಲ್ಲಿ ಮಾತಾಡುವ ಒಂದು ಯಂತ್ರ ಮಾಡಿಕೊಡಬಹುದು. ಅವಳು ಅಕ್ಷರ ಒತ್ತಿದರೆ ಅದು ನುಡಿಯುತ್ತದೆ. ಕಡಿಮೆಯೆಂದರೆ ಮುನ್ನೂರು ವಾಕ್ಯ ಬೇಕು, ಒಂದರಲ್ಲೂ ಬೇರೆ ಸದ್ದು ಸೇರಬಾರದು.

ಅವಳು ಮುನ್ನೂರಕ್ಕೆ ತೃಪ್ತಿಪಡುವವಳೇ? ಮೇಡಂ ಕೊಟ್ಟ ಪಟ್ಟಿ ಮುಗಿಸಿ ತನ್ನವನ್ನೂ ಸೇರಿಸಿದಳು. "ಅಕ್ಕಾ, ಊಟ ಆಯ್ತಾ?" "ಮಾತ್ರೆ ತಗೊಂಡ್ಯಾ?" "ನಂಗೊತ್ತಿತ್ತು ಬಿಡು, ಅವರು ಹಂಗೇ." ಮಾತು ಗೋಡೆಗೆ ಬಡಿದು ಗುಂಯ್ ಎನ್ನಬಾರದೆಂದು ಮೇಜಿನ ಸುತ್ತ ಗಿರಾಕಿಗಳ ಬಟ್ಟೆಯನ್ನೆಲ್ಲ ಇಳಿಬಿಟ್ಟು, ಅದರಡಿಯಲ್ಲಿ ಕಂಪ್ಯೂಟರನ್ನು ನೆಲಕ್ಕಿಟ್ಟುಕೊಂಡು ಕೂತಳು. ಧ್ವನಿ ಆಗಲೇ ಸ್ವಲ್ಪ ಗೊಗ್ಗರಾಗಿತ್ತು. ತಪ್ಪಿದರೆ, ಕೆಮ್ಮು ಬಂದರೆ, ಬೀದಿಯಲ್ಲಿ ಲಾರಿ ಹೋದರೆ, ಅದನ್ನು ಅಲ್ಲೇ ಅಳಿಸಿ ಮತ್ತೆ ಓದುತ್ತಿದ್ದಳು. ಗಂಡನಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ಆದರೂ ಅವನು ಹಾಳೆ ಜೋಡಿಸುತ್ತೇನೆ, ನಂಬರ್ ಹಾಕಿಕೊಡುತ್ತೇನೆ ಎಂದು ನಾಲ್ಕಾರು ಸಲ ತಲೆ ತೂರಿಸಿ, ನಾಲ್ಕಾರು ಸಲ ಬೈಸಿಕೊಂಡು ಹೊರಗೆ ಬಂದ. ಐದು ವಾರಕ್ಕೆ ಆರುನೂರ ನಲವತ್ತು ವಾಕ್ಯವಾದವು.

ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನು ಹನ್ನೆರಡು ದಿನ ಅಲ್ಲಿಯೇ ಇರಬೇಕೆಂದರು. ಮಧ್ಯಾಹ್ನ ಎರಡು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೋಡಲು ಬಿಡುತ್ತಿದ್ದರು. ರಜೆ ಹಾಕಿದ್ದ ಕಾರ್ಡಪ್ಪ ಉಳಿದ ಹೊತ್ತು ಮನೆಯಲ್ಲಿ ಒಬ್ಬನೇ. ಏನು ಮಾಡುತ್ತಾನೆ? ಅವನಿಗೆ ಗೊತ್ತಿದ್ದದ್ದು ಒಂದೇ, ಓರಣ ಮಾಡುವುದು. ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ. ಗುಂಡಿಗಳನ್ನು ಎಣಿಸಿದ. ಅದು ಮುಗಿದ ಮೇಲೆ ಕಂಪ್ಯೂಟರ್ ಕಣ್ಣಿಗೆ ಬಿತ್ತು.

ಅದು ಜಾಗ ಸಾಲದು ಎಂದು ದಿನಾ ಗೋಳಾಡುತ್ತಿತ್ತು. ಪರದೆಯ ಮೇಲೆ "ಧ್ವನಿ" ಎಂದು ಹೆಸರಿದ್ದ ಒಂದು ಹಳದಿ ಚಿತ್ರವಿತ್ತು, ಅದರ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು. ಅವನು ಹೊಸ ಪೆನ್ ಡ್ರೈವ್ ತಂದ. ಆ ಚಿತ್ರವನ್ನು ಅದಕ್ಕೆ ನಕಲು ಮಾಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇಷ್ಟು ಬೇಗನೆ ಎಂದು ಅನುಮಾನ ಬಂತು. ಅನುಮಾನ ಬಂದರೆ ಎಣಿಸುವುದು ಅವನ ಕ್ರಮ. ಪೆನ್ ಡ್ರೈವ್ ಒಳಗೆ ಹೋಗಿ ಚಿತ್ರವನ್ನು ಒತ್ತಿದ. ತೆರೆಯಿತು. ಎಣಿಸಿದ. ಆರುನೂರ ನಲವತ್ತು. ಒಂದನ್ನು ಹಾಕಿ ಕೇಳಿದ. "ನಾಳೆ ಬೆಳಗ್ಗೆ ಬೇಗ ಏಳ್ಬೇಕು" ಎಂದಳು ಹೆಂಡತಿ. ಇನ್ನೊಂದನ್ನು ಕೇಳುವ ಧೈರ್ಯವಾಗದೆ ಮುಚ್ಚಿದ.

ಒಂದೇ ಸಾಮಾನು ಎರಡು ಕಡೆ ಇರಬಾರದು, ಇದ್ದರೆ ಗೊಂದಲ. ಅವನು ಮೂಲದ ಜಾಗ ಹುಡುಕಿ, ಆರುನೂರ ನಲವತ್ತನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಕೈ ಕೊಡವಿಕೊಂಡ. ಪೆನ್ ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ, ಬೀರುವಿನೊಳಗಿಟ್ಟು ಬೀಗ ಹಾಕಿದ. ಖಾಲಿಯಾದ ಜಾಗಕ್ಕೆ, ಮನೆಗೆ ಬಂದ ಮೇಲೆ ಹೆಂಡತಿಗೆ ಹೊತ್ತು ಹೋಗಲಿ ಎಂದು, ಕಾರ್ಖಾನೆಯ ಗೆಳೆಯನ ಹತ್ತಿರವಿದ್ದ ಹದಿನಾಲ್ಕು ಹಳೆಯ ಸಿನಿಮಾ ತಂದು ತುಂಬಿದ. ಆ ಹನ್ನೆರಡು ದಿನದಲ್ಲಿ ಅವನಿಗೆ ಸಮಾಧಾನ ಕೊಟ್ಟ ಕೆಲಸವೆಂದರೆ ಇದೊಂದೇ.

ತಿಂಗಳ ಮೇಲೆ ಇಬ್ಬರೂ ಮೇಡಂ ಹತ್ತಿರ ಹೋದರು. ಅವಳ ಕತ್ತಿಗೆ ಬಿಳಿ ಬಟ್ಟೆ, ಕೈಯಲ್ಲಿ ಬರೆದು ಒರೆಸುವ ಒಂದು ಪುಟ್ಟ ಹಲಗೆ. ಕಾರ್ಡಪ್ಪ ಕನ್ನಡಕದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮೇಡಂ ಪೆನ್ ಡ್ರೈವ್ ಹಾಕಿ ನೋಡಿದರು. ಮತ್ತೊಮ್ಮೆ ತೆಗೆದು ಹಾಕಿದರು.

"ಸರ್, ಇದರಲ್ಲಿ ರೆಕಾರ್ಡಿಂಗ್ ಇಲ್ಲ. ಇದು ಬರೀ ದಾರಿ ತೋರಿಸೋ ಗುರುತು. ಮೂಲದ್ದು ನಿಮ್ಮ ಮನೆ ಕಂಪ್ಯೂಟರಲ್ಲೇ ಇರುತ್ತೆ. ಅದನ್ನ ತಂದ್ಬಿಡಿ, ಪರವಾಗಿಲ್ಲ."

"ಇಲ್ಲ ಮೇಡಂ, ನಾನು ಎಣಿಸಿ ನೋಡಿದ್ದೀನಿ. ಆರುನೂರ ನಲವತ್ತೂ ಇದ್ವು. ಒಂದು ಕೇಳಿಯೂ ನೋಡಿದೆ."

"ನಿಮ್ಮ ಕಂಪ್ಯೂಟರಲ್ಲಿ ತೆಗೆದಾಗ ಅದು ಅಲ್ಲಿದ್ದದ್ದನ್ನೇ ತೋರಿಸಿದೆ ಸರ್. ಮೂಲದ್ದು ಇದೆ ತಾನೇ?"

ಕಾರ್ಡಪ್ಪನಿಗೆ ಆಗ ಅರ್ಥವಾಯಿತು: ಸಾಮಾನನ್ನು ಸುಟ್ಟು ಕಾರ್ಡನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ, ಅವನ ಮುಖವೇ ಹೇಳಿತು. ಹೆಂಡತಿ ಅವನನ್ನೇ ನೋಡಿದಳು. ಹಲಗೆ ಅವಳ ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಬೇರೆಲ್ಲಾದರೂ ಅವಳ ಮಾತು ಇದೆಯೇ ಎಂದು ಮೇಡಂ ವಿಚಾರಿಸಿದರು. ಮದುವೆಯ ವಿಡಿಯೋದಲ್ಲಿ ಅವಳ ಮಾತಿನ ಮೇಲೆಲ್ಲ ವಾದ್ಯದ ಸದ್ದು. ಫೋನಿನಲ್ಲಿದ್ದ ಒಂದೆರಡು ತುಣುಕಿನಲ್ಲಿ ಹೊಲಿಗೆ ಮಿಷನ್ನೇ ಹೆಚ್ಚು ಮಾತಾಡುತ್ತಿತ್ತು. ಆಗಲ್ಲ ಎಂದು ಮೇಡಂ ತಲೆಯಾಡಿಸಿದರು. ಬೇಕಿದ್ದರೆ ಯಂತ್ರದಲ್ಲಿ ಮೊದಲೇ ಇರುವ ಯಾರದೋ ಹೆಂಗಸಿನ ಧ್ವನಿಯನ್ನು ಹಾಕಿಕೊಡಬಹುದು ಎಂದರು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಬಂದರು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಬೈದಿದ್ದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಬೈಯಲು ಅವಳಲ್ಲಿ ಏನೂ ಉಳಿದಿರಲಿಲ್ಲ, ಉಳಿದಿದ್ದದ್ದನ್ನು ಇವನೇ ಅಳಿಸಿದ್ದ.

ಮನೆಗೆ ಬಂದವನೇ ಚಪ್ಪಲಿ ಬಿಡದೆ ಕಂಪ್ಯೂಟರ್ ಮುಂದೆ ಕೂತ. ಅಳಿಸಿದ್ದನ್ನು ಮರಳಿ ತರುತ್ತೇವೆ ಎನ್ನುವ ಸಾಫ್ಟ್‌ವೇರುಗಳು ಒಂದಲ್ಲ ಹತ್ತು ಸಿಕ್ಕವು. ಮೊದಲನೆಯದನ್ನು ಇಳಿಸಿಕೊಂಡ. ಅದು ಒಂದು ಗಂಟೆ ಹುಡುಕಿ, ಇನ್ನೂರ ಹನ್ನೆರಡು ಸಿಕ್ಕಿದೆ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಕಾರ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಬಾರೇ ಇಲ್ಲಿ, ಬಾ ಬೇಗ!" ಅವಳು ಬಂದು ಹಿಂದೆ ನಿಂತಳು. ಅವನು ಅಷ್ಟನ್ನೂ ಅದೇ ಕಂಪ್ಯೂಟರಿಗೆ ಇಳಿಸಿ, ಮೊದಲನೆಯದನ್ನು ಒತ್ತಿದ. ಕರ್ರ್ ಎಂದಿತು. ಎರಡನೆಯದೂ ಕರ್ರ್. ನಲವತ್ತನೆಯದರ ಹೊತ್ತಿಗೆ ಅವಳು ಹೋಗಿ ಮಿಷನ್ ಮುಂದೆ ಕೂತಿದ್ದಳು. ಅವನು ಇನ್ನೂರ ಹನ್ನೆರಡನ್ನೂ ಒಂದೊಂದಾಗಿ ಕೇಳಿದ. ಎರಡನೆಯ ಸಾಫ್ಟ್‌ವೇರ್ ಇಳಿಸಿದ, ಮೂರನೆಯದನ್ನೂ ಇಳಿಸಿದ. ಪ್ರತಿ ಸಲವೂ ಸಿಕ್ಕಿದ್ದನ್ನು ಅಲ್ಲೇ ಹೊಸ ಕಡತ ಮಾಡಿ, ತಾರೀಖು ಹಾಕಿ, ಓರಣವಾಗಿ ಜೋಡಿಸಿಟ್ಟ. ಮೂರು ದಿನ ಅವನ ಗಡ್ಡದ ಮೇಲೆ ಬ್ಲೇಡು ಆಡಲಿಲ್ಲ.

ಅದರ ನಡುವೆ ಒಂದು ದಿನ ಅವಳು ಹಲಗೆಯ ಮೇಲೆ ಬರೆದು ಅವನ ಮುಂದೆ ಹಿಡಿದಿದ್ದಳು: "ಎಷ್ಟು ಉಳಿದಿದೆ?" ಸ್ಟೋರಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಅವನು ಮುಂದಿನ ಸಾಫ್ಟ್‌ವೇರ್ ಹುಡುಕತೊಡಗಿದ.

ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಎಂದಿನಂತೆ ಆರಕ್ಕೆ ಫೋನ್ ಮಾಡುತ್ತಿದ್ದಳು. ತಂಗಿ ಹಲಗೆಯ ಮೇಲೆ ಬರೆದದ್ದನ್ನು ಕಾರ್ಡಪ್ಪ ಓದಿ ಹೇಳುತ್ತಿದ್ದ.

"'ಇವತ್ತು ಎರಡು ಜಾಕೀಟು ಹೊಲಿದೆ' ಅಂತ ಬರೀತಿದ್ದಾಳೆ ಅಕ್ಕ."

"ನೀವು ಹೇಳಿದ್ರೆ ಕೋರ್ಟಲ್ಲಿ ಸಾಕ್ಷಿ ಹೇಳ್ದಂಗಿರುತ್ತೆ ಸ್ಟೋರಿನವ್ರೇ. ಆ ಮಿಷನ್ ಯಾವಾಗ ಬರುತ್ತಂತೆ? ಅವಳ ಧ್ವನೀಲೇ ಮಾತಾಡುತ್ತೆ ಅಂದಿದ್ರಲ್ಲ."

"ಬರುತ್ತೆ ಅಕ್ಕ. ಇನ್ನೇನು ಬರುತ್ತೆ."

ಹೆಂಡತಿ ಅವನ ಮುಖ ನೋಡಿದಳು. ಅವನು ಬೇರೆ ಕಡೆ ನೋಡಿದ.

ಆ ವಾರ ಮೇಡಂ ಪರೀಕ್ಷೆಗೆಂದು ಒಂದು ಯಂತ್ರ ಕೊಟ್ಟು ಕಳಿಸಿದರು, ಬೇರೆ ಹೆಂಗಸಿನ ಧ್ವನಿ ಇದ್ದದ್ದು. ಆರು ಗಂಟೆಗೆ ಫೋನ್ ಬಂದಾಗ ಹೆಂಡತಿಯೇ ಎತ್ತಿಕೊಂಡಳು. ಮೊದಲೇ ಒತ್ತಿಟ್ಟುಕೊಂಡಿದ್ದ ಮಾತು ಹೊರಬಂತು: "ಅಕ್ಕಾ, ಹೇಗಿದ್ದೀಯ? ನಾನು ಮಾತಾಡುತ್ತಿದ್ದೇನೆ." ಇಸ್ತ್ರಿ ಮಾಡಿದ ಬಟ್ಟೆಯಂಥ ಧ್ವನಿ, ಒಂದು ಸುಕ್ಕಿಲ್ಲ. ಅಕ್ಕ, "ಯಾರಮ್ಮ ನೀನು? ಸ್ಟೋರಿನವ್ರಿಗೆ ಕೊಡು ಫೋನು" ಎಂದಳು. ಯಂತ್ರ ಮತ್ತೆ, "ನಾನೇ ಅಕ್ಕಾ" ಎಂದಿತು. "ರಾಂಗ್ ನಂಬರ್ ಕಣಮ್ಮ" ಎಂದು ಅಕ್ಕ ಇಟ್ಟುಬಿಟ್ಟಳು.

ಹೆಂಡತಿ ಯಂತ್ರವನ್ನು ಆರಿಸಿ, ಅದರ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಅತ್ತರೆ ಸದ್ದೇ ಬಾರದ ಅವಳು ನಲ್ಲಿಯನ್ನೇಕೆ ಬಿಟ್ಟಳು ಎಂದು ಕಾರ್ಡಪ್ಪನಿಗೆ ತಿಳಿಯಲಿಲ್ಲ. ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡಲಾಗದೆ, ವಾಪಸ್ ಬಂದು ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತ.

ಮೂರು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಡಿಸ್ಕ್ ಡಾಕ್ಟ್ರಮ್ಮ ಎನ್ನುತ್ತಿದ್ದರು. ಕಾರ್ಡಪ್ಪ ಕಂಪ್ಯೂಟರನ್ನು ಹೊತ್ತು ತಂದು ಅವಳ ಮುಂದಿಟ್ಟ. ಅವಳು ಹಣೆಗೆ ದೀಪ ಕಟ್ಟಿಕೊಂಡು, ಅವನ ಕಥೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು.

"ನೀವು ಸ್ಟೋರಲ್ಲಿರೋರಲ್ವಾ, ಹಾಗೇ ಹೇಳ್ತೀನಿ. ಅಳಿಸಿದ ತಕ್ಷಣ ಸಾಮಾನು ಹೋಗಲ್ಲ ಸರ್. ಅದರ ಕಾರ್ಡ್ ಮಾತ್ರ ಹರಿದುಹೋಗುತ್ತೆ. ಸಾಮಾನು ಖಾನೇಲೇ ಇರುತ್ತೆ."

ಕಾರ್ಡಪ್ಪನ ಮುಖ ಅರಳಿತು. "ಇರುತ್ತಾ?"

"ಆ ಖಾನೆಗೆ ಬೇರೆ ಸಾಮಾನು ತಂದು ಇಡೋ ತನಕ. ಕಾರ್ಡ್ ಇಲ್ಲ ಅಂದ್ರೆ ಖಾಲಿ ಅಂತ ತಾನೇ ಲೆಕ್ಕ? ಹೊಸದು ಬಂದ್ರೆ ಹಳೇದರ ಮೇಲೇ ಕೂರುತ್ತೆ. ಅಳಿಸಿದ ಮೇಲೆ ಏನೇನು ಹಾಕಿದ್ರಿ?"

ಅವನು ಬೆರಳು ಮಡಿಚುತ್ತ ಹೇಳಿದ. ಹದಿನಾಲ್ಕು ಸಿನಿಮಾ. ಮೂರು ಸಾಫ್ಟ್‌ವೇರ್. ಹುಡುಕಿ ತೆಗೆದು ಅಲ್ಲೇ ಜೋಡಿಸಿಟ್ಟ ಕಡತಗಳು. ಹೇಳುತ್ತ ಹೇಳುತ್ತ ಅವನ ಧ್ವನಿ ಇಳಿಯಿತು. ಡಾಕ್ಟ್ರಮ್ಮ ಹಣೆಯ ದೀಪ ಆರಿಸಿದಳು.

"ಅಳಿಸಿದ ದಿನವೇ ಆಫ್ ಮಾಡಿ ತಂದಿದ್ರೆ ಅಷ್ಟೂ ಸಿಗೋದು ಸರ್."

"ಮೇಡಂ, ನಾನು ಹುಡುಕೋಕೆ ಅಂತ..."

"ಗೊತ್ತು ಸರ್. ಎಲ್ಲರೂ ಹಾಗೇ ಮಾಡ್ತಾರೆ. ನಾಲ್ಕು ದಿನ ಬಿಟ್ಟು ಬನ್ನಿ, ನೋಡ್ತೀನಿ. ಆಸೆ ಮಾತ್ರ ಇಟ್ಕೋಬೇಡಿ."

ಆಸೆ ಇಟ್ಟುಕೊಳ್ಳದೆ ಇರುವುದು ಅವನ ಕೈಯಲ್ಲಿತ್ತೇ? ಆ ನಾಲ್ಕು ದಿನ ಸ್ಟೋರಿನಲ್ಲಿ ಕೂತು ಲೆಕ್ಕ ಹಾಕಿದ. ಅರ್ಧ ಬಂದರೂ ಮುನ್ನೂರ ಇಪ್ಪತ್ತು, ಯಂತ್ರಕ್ಕೆ ಸಾಕು. ಮೂರರಲ್ಲಿ ಒಂದು ಪಾಲು ಬಂದರೂ ಮೇಡಂ ಕಾಲಿಗೆ ಬೀಳುತ್ತೇನೆ. ಯಾರೋ ಬಂದು ಬೆಲ್ಟ್ ಕೇಳಿದರು. ಕಾರ್ಡ್ ಕೇಳದೆ ಎತ್ತಿ ಕೊಟ್ಟ. ತೆಗೆದುಕೊಂಡವನು ಬಾಗಿಲಲ್ಲಿ ನಿಂತು ಎರಡು ಸಲ ಹಿಂದೆ ತಿರುಗಿ ನೋಡಿಕೊಂಡು ಹೋದ.

ಐದನೆಯ ದಿನ ಡಾಕ್ಟ್ರಮ್ಮ ಅವನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟಳು. "ಹತ್ತೊಂಬತ್ತು ಸಿಕ್ಕಿದೆ."

"ನೂರ ಹತ್ತೊಂಬತ್ತಾ?"

"ಬರೀ ಹತ್ತೊಂಬತ್ತು ಸರ್. ಅವೂ ನೀವು ಅಳಿಸಿದ್ದಲ್ಲ. ಅದಕ್ಕಿಂತ ಮುಂಚೆ ಯಾರೋ ಅಳಿಸಿದ್ದು. ಡಿಸ್ಕಿನ ಬೇರೆ ಮೂಲೇಲಿ ಬಿದ್ದಿತ್ತು, ಅಲ್ಲಿಗೆ ನಿಮ್ಮ ಸಿನಿಮಾ ಹೋಗಿಲ್ಲ. ನೀವು ಅಳಿಸಿದ್ದರಲ್ಲಿ ಒಂದೂ ಇಲ್ಲ." ಅವಳು ಹಣೆಯ ದೀಪ ಬಿಚ್ಚುತ್ತ, "ಕೇಳ್ದೆ. ಯಂತ್ರಕ್ಕೆ ಬರಲ್ಲ ಅವು. ಆದ್ರೂ ಮನೆಯವರಿಗೆ ಕೇಳಿಸಿ" ಎಂದಳು. ಈ ಸಲ ಅವನು ಕಾರ್ಡಿನ ಜತೆಗೆ ಸಾಮಾನೂ ಇದೆಯೇ ಎಂದು ಅಲ್ಲೇ, ಅವಳ ಕಂಪ್ಯೂಟರಿನಲ್ಲೇ ಹಾಕಿಸಿ ನೋಡಿದ. ಹತ್ತೊಂಬತ್ತೂ ಇದ್ದವು. ಒಂದನ್ನೂ ಕೇಳದೆ, ಕಂಪ್ಯೂಟರ್ ಸಮೇತ ಮನೆಗೆ ತಂದ.

ಹೆಂಡತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನು ಒಂದೊಂದಾಗಿ ಒತ್ತಿದ. ಮೊದಲನೆಯದರಲ್ಲಿ ಬರೀ ಕೆಮ್ಮು. ಎರಡನೆಯದರಲ್ಲಿ, "ನಾಳೆ ಬೆಳಗ್ಗೆ ಬೇಗ... ಥೂ, ಈ ಲಾರಿ!" ಮೂರನೆಯದರಲ್ಲಿ ಅರ್ಧ ವಾಕ್ಯ, ಆಮೇಲೆ ನಗು. ಎಲ್ಲವೂ ಅವಳೇ ಬೇಡವೆಂದು ಬಿಸಾಕಿದವು. ಚೆನ್ನಾಗಿ ಓದಿದ, ಜೋಪಾನ ಮಾಡಿದ ಆರುನೂರ ನಲವತ್ತರಲ್ಲಿ ಒಂದಾದರೂ ಬರಲಿಲ್ಲ. ಮೇಡಂಗೆ ಇದನ್ನು ತೋರಿಸುವುದೂ ದಂಡ ಎಂದು ಇಬ್ಬರಿಗೂ ಗೊತ್ತಾಯಿತು. ಹದಿನಾಲ್ಕನೆಯದನ್ನು ಒತ್ತಿದ.

ಬಟ್ಟೆ ಸರಿದ ಸದ್ದು. ಆಮೇಲೆ ಅವಳು, ಪೂರ್ತಿ ಅವಳೇ, ಇಪ್ಪತ್ತಾರು ವರ್ಷದ ಏರುಧ್ವನಿಯಲ್ಲಿ: "ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಇದನ್ನ ಮುಟ್ಟಬೇಡಿ ಅಂತ. ಜೋಡಿಸೋದೂ ಬೇಡ, ಎತ್ತಿಡೋದೂ ಬೇಡ. ನಡೀರಿ ಆಚೆ!"

ಕಾರ್ಡಪ್ಪ ಕೂತಲ್ಲೇ ಕುಗ್ಗಿಹೋದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅವನು ಅದನ್ನು ಅಲ್ಲಿಗೇ ನಿಲ್ಲಿಸಿದ. ಆರು ಗಂಟೆ.

ಅವನು ಎತ್ತುವ ಮೊದಲೇ ಹೆಂಡತಿ ಕೈ ಚಾಚಿ ಎತ್ತಿಕೊಂಡಳು. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು, ಅವನ ಕೈಯನ್ನು ಸರಿಸಿ, ತಾನೇ ಒತ್ತಿದಳು. "ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?" ಎಂದು ಧ್ವನಿ ಮನೆ ತುಂಬಿತು. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಆ ಕಡೆಯಿಂದ ಅಕ್ಕ ಕೂಗಿಯೇಬಿಟ್ಟಳು. "ಬಂತಾ? ಬಂತೇನೇ ಮಿಷನ್ನು? ನೀನೇ ಕಣೇ, ನೀನೇ! ಬಂದ ತಕ್ಷಣ ಅವರಿಗೆ ಬೈಯ್ತಿದ್ದೀಯಲ್ಲೇ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. "ಹೇಳು, ಹೇಗಿದ್ದೀಯ? ಗಂಟಲು ನೋವು ಕಮ್ಮಿ ಆಯ್ತಾ? ಊಟ ಸೇರುತ್ತಾ?"

ಹೆಂಡತಿ ಪರದೆಯ ಮೇಲಿನ ಪಟ್ಟಿ ನೋಡಿದಳು. ಕೆಮ್ಮು, ಲಾರಿ, ನಗು. ಊಟ ಸೇರುತ್ತೆ ಅಕ್ಕ ಎನ್ನುವುದು ಹತ್ತೊಂಬತ್ತರಲ್ಲಿ ಎಲ್ಲೂ ಇರಲಿಲ್ಲ.

"ಹಲೋ? ಹಲೋ, ಮಾತಾಡೇ. ಯಾಕೆ ಸುಮ್ನಾದೆ?"

ಬೇರೆ ದಾರಿ ಕಾಣದೆ ಅವಳು ಅದನ್ನೇ ಮತ್ತೆ ಒತ್ತಿದಳು. "ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?"

"ಅದನ್ನ ಹೇಳಿದ್ಯಲ್ಲೇ. ಬೇರೆ ಏನಾದ್ರೂ ಹೇಳು." ಅಕ್ಕನ ಧ್ವನಿಯಲ್ಲಿ ಭಯ ಬಂತು. "ಏನಾಯ್ತೇ?"

ಕಾರ್ಡಪ್ಪ ಫೋನು ತೆಗೆದುಕೊಂಡ. ಅವನಿಗೆ ಯಾವತ್ತೂ ಮಾತು ಬರುತ್ತಿರಲಿಲ್ಲ, ಅವತ್ತು ಬರಲೇಬೇಕಿತ್ತು. "ಅಕ್ಕ, ನಾನು. ಮಿಷನ್ ಬಂದಿಲ್ಲ. ಬರೋದೂ ಇಲ್ಲ. ಅವಳು ಅಷ್ಟು ಕಷ್ಟಪಟ್ಟು ಮಾಡಿಟ್ಟದ್ದನ್ನ ನಾನೇ ಅಳಿಸಿಬಿಟ್ಟೆ. ಹುಷಾರಾಗಿ ಎತ್ತಿಡೋಣ ಅಂತ ಹೋಗಿ ಅಳಿಸಿದೆ. ಹುಡುಕೋಕೆ ಹೋಗಿ ಉಳಿದದ್ದನ್ನೂ ಹಾಳು ಮಾಡಿದೆ. ಈಗ ಇರೋದು ಇದೊಂದೇ, ನನಗೆ ಬೈದದ್ದು."

ಅವನು ಬೈಗುಳಕ್ಕೆ ಕಾದ.

"ಸ್ಟೋರಿನವ್ರೇ," ಎಂದಳು ಅಕ್ಕ ಕೊನೆಗೆ, ತೀರ ಸಣ್ಣ ಧ್ವನಿಯಲ್ಲಿ. "ಅದನ್ನೇ ಇನ್ನೊಂದ್ಸಲ ಹಾಕಿ. ಪೂರ್ತಿ ಹಾಕಿ, ಮಧ್ಯದಲ್ಲಿ ನಿಲ್ಲಿಸ್ಬೇಡಿ."

ಅವನು ಒತ್ತಿದ. ಈ ಸಲ ಯಾರೂ ಕೈ ಹಾಕಿ ನಿಲ್ಲಿಸಲಿಲ್ಲ. ರೀ, ಎಷ್ಟು ಸಲ ಹೇಳಬೇಕು, ಮುಟ್ಟಬೇಡಿ, ಎತ್ತಿಡಬೇಡಿ, ನಡೀರಿ ಆಚೆ. ಅಲ್ಲಿಗೆ ಮುಗಿಯಿತು ಎಂದು ಅವನು ಅಂದುಕೊಂಡಿದ್ದ. ಮುಗಿದಿರಲಿಲ್ಲ. ಬಟ್ಟೆ ಸರಿದ ಸದ್ದು ಇನ್ನೊಮ್ಮೆ ಬಂತು, ಹೆಜ್ಜೆಯ ಸದ್ದು ಬಂತು. ಆಮೇಲೆ ಬಾಗಿಲ ಹತ್ತಿರದಿಂದ ಅವನದೇ ಧ್ವನಿ, ನಗುತ್ತ ಹೇಳಿತು:

"ಆಯ್ತಮ್ಮಾ, ಮುಟ್ಟಲ್ಲ ಬಿಡು."